ಪಾಲಿಕೆಯ ಸಾರಿಗೆ ಮತ್ತು ಹವಾಮಾನ ಯೋಜನೆಗಳ ಲೆಕ್ಕ ಕೇಳುವುದು ಹೇಗೆ?

ನಮ್ಮ ವಾರ್ಡಿನ ಸಭೆಯೊಂದರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಎದ್ದು ನಿಂತು ಕೇಳಿದರು: "ಬಸ್ಸಿಗೆ ಕಾಯುವಾಗ ತಲೆಯ ಮೇಲೆ ನೆರಳಿಲ್ಲ. ಹೋದ ವರ್ಷ ಮರ ಕಡಿದಿರಿ, ತಂಗುದಾಣ ಕಟ್ಟಲಿಲ್ಲ. ಇದನ್ನು ಯಾರ ಹತ್ತಿರ ಹೇಳಲಿ ಸ್ವಾಮಿ?" ಎದುರು ಕುಳಿತಿದ್ದ ಅಧಿಕಾರಿಗಳು ಒಬ್ಬರಾದ ಮೇಲೆ ಒಬ್ಬರು ಅದು ತಮ್ಮ ವಿಭಾಗಕ್ಕೆ ಸೇರಿದ್ದಲ್ಲ ಎಂದರು. ಯಾರ ಮಾತೂ ಸುಳ್ಳಾಗಿರಲಿಲ್ಲ. ಅಜ್ಜಿ ಮಾತ್ರ ಉತ್ತರವಿಲ್ಲದೆ ಕುಳಿತರು.

ನಗರದ ಸಾರಿಗೆ ನೀತಿ, ಹವಾಮಾನ ನೀತಿ ಎಂಬ ದೊಡ್ಡ ಮಾತುಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಆ ಅಜ್ಜಿ ನಿಂತ ಜಾಗದಲ್ಲಿ. ನಡೆಯಲು ಪಾದಚಾರಿ ಮಾರ್ಗವಿದೆಯೇ, ಬಸ್ಸು ಹೊತ್ತಿಗೆ ಬರುತ್ತದೆಯೇ, ನಿಲ್ದಾಣದಲ್ಲಿ ನೆರಳಿದೆಯೇ? ಈ ಮೂರೂ ಇದ್ದರೆ ಜನ ಸ್ಕೂಟರ್ ಮನೆಯಲ್ಲಿ ಬಿಟ್ಟು ಬರುತ್ತಾರೆ, ಹೊಗೆ ಕಡಿಮೆಯಾಗುತ್ತದೆ. ಇಲ್ಲದಿದ್ದರೆ ಯಾವ ಕ್ರಿಯಾಯೋಜನೆ ಬಿಡುಗಡೆಯಾದರೂ ಗಾಳಿ ಹಾಗೆಯೇ ಉಳಿಯುತ್ತದೆ. ಆದ್ದರಿಂದ ನಗರ ಪಾಲಿಕೆಯ ಮೇಲೆ ನಿಗಾ ಇಡುವ ಕೆಲಸವನ್ನು ನೂರಾರು ಪುಟಗಳ ವರದಿಯಿಂದ ಆರಂಭಿಸಬೇಡಿ. ನಿಮಗೆ ಗೊತ್ತಿರುವ ಒಂದು ರಸ್ತೆಯಿಂದ ಆರಂಭಿಸಿ. ಬೆಂಗಳೂರನ್ನು ಮುಂದಿಟ್ಟುಕೊಂಡು ಹೇಳುತ್ತೇನೆ, ಏಕೆಂದರೆ ನಾನು ಕಂಡು ಕಲಿತದ್ದು ಇಲ್ಲಿ. ಬೇರೆ ಊರಿನವರಿಗೂ ಮುಂದೆ ಕೆಲವು ಮಾತುಗಳಿವೆ.

ಮೊದಲು: ಯಾವುದು ಯಾರ ಮೇಜಿನ ಮೇಲಿದೆ?

ಹತ್ತು ಮಂದಿ ಸೇರಿದಲ್ಲಿ ಹಾವು ಸಾಯದು ಎಂಬ ಗಾದೆ ಬೆಂಗಳೂರಿನ ಸಾರಿಗೆಗೆ ಚೆನ್ನಾಗಿ ಒಪ್ಪುತ್ತದೆ. ಒಂದು ಹಾಳೆ ತೆಗೆದುಕೊಂಡು ನಿಮ್ಮ ರಸ್ತೆಯಲ್ಲಿ ಕಣ್ಣಿಗೆ ಬೀಳುವ ಒಂದೊಂದನ್ನೂ ಬರೆಯಿರಿ, ಎದುರಿಗೆ ಅದರ ಒಡೆತನ ಯಾರದು ಎಂದು ಬರೆಯಿರಿ.

ಬಸ್ಸು ಬಿಎಂಟಿಸಿಯದು. ಅದು 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರ್ಪಟ್ಟ ರಾಜ್ಯ ಸರ್ಕಾರದ ನಿಗಮ. ಪಾಲಿಕೆಯ ಕೌನ್ಸಿಲ್ಲಿಗೆ ಅದರ ಮೇಲೆ ಆಜ್ಞೆ ಮಾಡುವ ಅಧಿಕಾರವಿಲ್ಲ. ಮೆಟ್ರೊ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಮಪಾಲಿನ ಕಂಪನಿಯದು. ಸಿಗ್ನಲ್ ದೀಪ ಮತ್ತು ವಾಹನಗಳ ನಿಯಂತ್ರಣ ಸಂಚಾರ ಪೊಲೀಸರದು, ಅವರು ಗೃಹ ಇಲಾಖೆಗೆ ಸೇರಿದವರು. ರಸ್ತೆ, ಪಾದಚಾರಿ ಮಾರ್ಗ, ಬೀದಿ ದೀಪ, ಮಳೆನೀರು ಚರಂಡಿ, ವಾಹನ ನಿಲುಗಡೆ ಪಾಲಿಕೆಗೆ ಸೇರುತ್ತವೆ. ರಸ್ತೆಯಡಿಯ ಕುಡಿಯುವ ನೀರಿನ ಕೊಳವೆ ಮತ್ತು ಒಳಚರಂಡಿ ಜಲಮಂಡಳಿಯವು. ಇವೆಲ್ಲವನ್ನೂ ಒಂದು ದಾರಕ್ಕೆ ಪೋಣಿಸಬೇಕೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ಬಂದಿತು. ಆದರೆ ವಾರ್ಡ್ ಮಟ್ಟದಲ್ಲಿ ಪ್ರಶ್ನೆ ಕೇಳುವವನಿಗೆ ಇಂದಿಗೂ ಮೇಲಿನ ಪಟ್ಟಿಯೇ ಕೈದೀಪ.

ಪಾಲಿಕೆಯ ವ್ಯವಸ್ಥೆಯೂ ಬದಲಾಗಿದೆ. ಬಿಬಿಎಂಪಿಯ ಕೊನೆಯ ಚುನಾಯಿತ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ನಂತರ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರ ನಡೆಸಿದರು. ಸಂವಿಧಾನದ 243-ಯು ವಿಧಿಯ ಪ್ರಕಾರ ಐದು ವರ್ಷದ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ನಡೆಯಬೇಕು. ಇದು ಇಷ್ಟು ದೊಡ್ಡ ನಗರದಲ್ಲಿ ನಡೆಯಲಿಲ್ಲ ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳೂ ಬಂದವು. ಪ್ರಾಧಿಕಾರದ ಅಧ್ಯಕ್ಷರು ಮುಖ್ಯಮಂತ್ರಿ. ಹಾಗಾಗಿ ಹಾಳೆಯಲ್ಲಿ ಪಾಲಿಕೆ ಎಂದು ಬರೆದ ಕಡೆಯಲ್ಲೆಲ್ಲ ಇನ್ನೊಂದು ಪ್ರಶ್ನೆ ಸೇರಿಸಿ: ಈ ರಸ್ತೆ ನನ್ನ ಪಾಲಿಕೆಯ ವಾರ್ಡ್ ಎಂಜಿನಿಯರ್ ಕೈಯಲ್ಲಿದೆಯೇ, ದೊಡ್ಡ ರಸ್ತೆಗಳನ್ನು ನೋಡಿಕೊಳ್ಳುವ ಮೇಲಿನ ವಿಭಾಗದ ಕೈಯಲ್ಲಿದೆಯೇ? ನಿಮ್ಮ ವಾರ್ಡಿನ ಸಹಾಯಕ ಎಂಜಿನಿಯರ್ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ. ಅವರ ಉತ್ತರವನ್ನು ದಿನಾಂಕದೊಂದಿಗೆ ಬರೆದಿಡಿ.

ಎರಡನೆಯದು: ಹೇಳಿದ ಮಾತನ್ನು ಓದಿ, ಇಟ್ಟ ಹಣವನ್ನು ಹುಡುಕಿ

ಬೆಂಗಳೂರು ಹವಾಮಾನ ಕ್ರಿಯಾಯೋಜನೆ 2023ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು. 2050ರ ಹೊತ್ತಿಗೆ ನಗರ ಹೊರಬಿಡುವ ಇಂಗಾಲವನ್ನು ನಿವ್ವಳ ಶೂನ್ಯಕ್ಕೆ, ಅಂದರೆ ಹೊರಬಿಟ್ಟಷ್ಟನ್ನೂ ಹೀರಿಕೊಳ್ಳುವ ಮಟ್ಟಕ್ಕೆ, ಇಳಿಸುವ ಗುರಿ ಅದರದು. ಇಂಧನ ಮತ್ತು ಕಟ್ಟಡ, ಸಾರಿಗೆ, ಕಸ, ಗಾಳಿ, ನೀರು, ಹಸಿರು ಮತ್ತು ಯೋಜನೆ, ವಿಪತ್ತು ನಿರ್ವಹಣೆ ಹೀಗೆ ಏಳು ಕ್ಷೇತ್ರಗಳ ಕೆಲಸಗಳು ಅದರಲ್ಲಿವೆ. ಎಲ್ಲವನ್ನೂ ಓದಬೇಕಿಲ್ಲ. ಸಾರಿಗೆಯ ಅಧ್ಯಾಯದಲ್ಲಿ ನಡಿಗೆ, ಸೈಕಲ್ ಮತ್ತು ಬಸ್ಸಿಗೆ ಸಂಬಂಧಿಸಿದ ಸಾಲುಗಳನ್ನು ಮಾತ್ರ ಗುರುತು ಮಾಡಿಕೊಳ್ಳಿ. ಪ್ರತಿ ಸಾಲಿನ ಪಕ್ಕದಲ್ಲಿ ಯಾವ ಸಂಸ್ಥೆ, ಯಾವ ವರ್ಷದೊಳಗೆ ಎಂಬುದನ್ನು ನೋಡಿ.

ಆಮೇಲೆ ಪಾಲಿಕೆಯ ಆ ವರ್ಷದ ಬಜೆಟ್ ಪುಸ್ತಕ ತೆರೆಯಿರಿ. ಅದು ಸಾರ್ವಜನಿಕ ದಾಖಲೆ. ಗುರುತು ಮಾಡಿದ ಒಂದೊಂದು ಸಾಲಿಗೂ ಒಂದು ಲೆಕ್ಕಶೀರ್ಷಿಕೆ, ಅಂದರೆ ಅದಕ್ಕೆಂದೇ ಹಣ ತೋರಿಸಿದ ಬಾಬ್ತು, ಸಿಗುತ್ತದೆಯೇ ಎಂದು ಹುಡುಕಿ. ಸಿಗದಿದ್ದರೆ ಅದು ಇನ್ನೂ ಬರೀ ಮಾತು. ಸಿಕ್ಕಿದರೆ ಮೂರು ಅಂಕಣಗಳನ್ನು ನೋಡಿ: ಹಿಂದಿನ ವರ್ಷ ಇಟ್ಟದ್ದು ಎಷ್ಟು, ಪರಿಷ್ಕರಿಸಿದ್ದು ಎಷ್ಟು, ನಿಜವಾಗಿ ಖರ್ಚಾದದ್ದು ಎಷ್ಟು. ಮೊದಲ ಅಂಕಣ ದೊಡ್ಡದಾಗಿದ್ದು ಮೂರನೆಯದು ಸಣ್ಣದಾಗಿದ್ದರೆ ನಿಮ್ಮ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಪಾದಚಾರಿ ಮಾರ್ಗದ ಹಣವನ್ನೂ ಡಾಂಬರಿನ ಹಣವನ್ನೂ ಅಕ್ಕಪಕ್ಕ ಇಟ್ಟು ನೋಡಿ. ನಗರದ ನಿಜವಾದ ಹವಾಮಾನ ನೀತಿ ಯಾವುದೆಂದು ಆ ಎರಡು ಸಂಖ್ಯೆಗಳು ಯಾವ ವರದಿಗಿಂತಲೂ ಸ್ಪಷ್ಟವಾಗಿ ಹೇಳುತ್ತವೆ.

ಬಜೆಟ್ ಮಂಡನೆಯಾದ ಮೇಲೆ ಸಲಹೆ ಕೊಟ್ಟು ಪ್ರಯೋಜನವಿಲ್ಲ. ಹಣಕಾಸು ವರ್ಷ ಏಪ್ರಿಲ್‌ಗೆ ಶುರುವಾಗುವುದರಿಂದ ವಾರ್ಡಿನ ಬೇಡಿಕೆ ಡಿಸೆಂಬರ್ ಅಥವಾ ಜನವರಿಯೊಳಗೆ ಬರಹದಲ್ಲಿ ತಲುಪಿರಬೇಕು.

ಮೂರನೆಯದು: ಟೇಪು ಹಿಡಿದು ರಸ್ತೆಗೆ ಇಳಿಯಿರಿ

ಈ ಹೆಜ್ಜೆಯನ್ನು ಯಾರೂ ಬಿಡಬಾರದು. ನಮ್ಮ ಗುಂಪಿನ ಮಾತಿಗೆ ತೂಕ ಬಂದದ್ದು ಇದಾದ ಮೇಲೆಯೇ. ಅದುವರೆಗೆ ಫುಟ್‌ಪಾತ್ ಸರಿಯಿಲ್ಲ ಎಂದು ದೂರುತ್ತಿದ್ದೆವು, ಮಾಡಿಸುತ್ತೇವೆ ಎಂಬ ಉತ್ತರ ಪಡೆಯುತ್ತಿದ್ದೆವು. ಒಂದು ಭಾನುವಾರ ಬೆಳಗ್ಗೆ ಐದು ಮಂದಿ ಅಳತೆ ಟೇಪು, ಸುಣ್ಣದ ಕಡ್ಡಿ, ನೋಟ್‌ಬುಕ್ ಹಿಡಿದು ಹೊರಟೆವು. ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ರಸ್ತೆ. ಪ್ರತಿ ಐವತ್ತು ಹೆಜ್ಜೆಗೆ ನಿಂತು ಅಗಲ ಅಳೆದೆವು, ಕಲ್ಲುಹಾಸಿನ ಎತ್ತರ ಅಳೆದೆವು, ಟ್ರಾನ್ಸ್‌ಫಾರ್ಮರ್, ಕಂಬ, ಮುರಿದ ಚಪ್ಪಡಿ, ಮರ, ನೆರಳು ಎಲ್ಲವನ್ನೂ ಬರೆದೆವು. ಮಧ್ಯಾಹ್ನದೊಳಗೆ ಮುಗಿಯಿತು.

ಅಳೆದದ್ದನ್ನು ಯಾವುದಕ್ಕೆ ಹೋಲಿಸುವುದು? ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಎಂಬ ಮಾರ್ಗಸೂಚಿಗೆ. ವಸತಿ ಪ್ರದೇಶದಲ್ಲಿ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು ಎನ್ನುತ್ತದೆ ಅದು. ಅಂಗಡಿ ಮುಂಗಟ್ಟುಗಳ ಬೀದಿಯಲ್ಲಿ 2.5 ಮೀಟರ್. ಎತ್ತರ 150 ಮಿಲಿಮೀಟರ್ ಮೀರಬಾರದು. ಈ ಎತ್ತರದ ಅಂಕಿಯನ್ನು ಜನ ಮರೆಯುತ್ತಾರೆ. ಮೊಣಕಾಲು ನೋವಿನ ಹಿರಿಯರು ರಸ್ತೆಗಿಳಿದು ವಾಹನಗಳ ನಡುವೆ ನಡೆಯುವುದು ಬಹಳ ಸಲ ಆ ಎತ್ತರದ ಕಾರಣಕ್ಕೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಪಾದಚಾರಿ ಮಾರ್ಗ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿದೆ. ಮನವಿಯಲ್ಲಿ ಈ ಎರಡನ್ನೂ ಉಲ್ಲೇಖಿಸಿ. ನೀವು ಕೇಳುತ್ತಿರುವುದು ಉಪಕಾರವಲ್ಲ, ಹಕ್ಕು ಎಂಬುದು ಓದುವವರಿಗೆ ತಿಳಿಯಬೇಕು.

ಬಸ್ ನಿಲ್ದಾಣದಲ್ಲಿ ಎಣಿಕೆಯೂ ಸುಲಭ. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಯಾವ ಸಂಖ್ಯೆಯ ಬಸ್ಸು ಎಷ್ಟು ಗಂಟೆಗೆ ಬಂತು, ಎಷ್ಟು ಮಂದಿ ಹತ್ತಲಾಗದೆ ಉಳಿದರು ಎಂದು ಮೂರು ದಿನ ಬರೆಯಿರಿ. ಕಾಲೇಜಿನ ಹುಡುಗಿಯರಿಬ್ಬರು ನಮಗಾಗಿ ಇದನ್ನು ಎಷ್ಟು ಶ್ರದ್ಧೆಯಿಂದ ಮಾಡಿಕೊಟ್ಟರೆಂದರೆ, ಆ ಹಾಳೆಯ ನಕಲನ್ನು ಸಂಬಂಧಪಟ್ಟ ಅಧಿಕಾರಿಯೇ ಕೇಳಿ ಪಡೆದರು.

ನಾಲ್ಕನೆಯದು: ಮಾಹಿತಿ ಹಕ್ಕು, ನೂರೈವತ್ತು ಪದಗಳಲ್ಲಿ

ನಿಮ್ಮ ಅಳತೆ ಒಂದು ಕಡೆ, ಸರ್ಕಾರಿ ಕಾಗದ ಇನ್ನೊಂದು ಕಡೆ. ಎರಡನ್ನೂ ಮುಖಾಮುಖಿ ಮಾಡುವುದು ಮಾಹಿತಿ ಹಕ್ಕು ಅಧಿನಿಯಮ, 2005. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ವಿಶೇಷವಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಹೊಸಬರ ಅರ್ಜಿಗಳು ಹಿಂದಿರುಗುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಹೀಗೆ ಬರೆಯಬಹುದು:

"ಇಂಥ ವಾರ್ಡಿನ ಇಂಥ ರಸ್ತೆಯಲ್ಲಿ, ಇಂಥ ವೃತ್ತದಿಂದ ಇಂಥ ಅಡ್ಡರಸ್ತೆಯವರೆಗೆ, ಇಂಥ ಸಾಲಿನಲ್ಲಿ ಕೈಗೊಂಡ ಪಾದಚಾರಿ ಮಾರ್ಗದ ಕಾಮಗಾರಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ನಕಲು ನೀಡಿ: ಮಂಜೂರಾದ ಅಂದಾಜು ಪಟ್ಟಿ ಮತ್ತು ನಕ್ಷೆ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಸಿದ ಬಿಲ್ಲುಗಳು, ಗುಣಮಟ್ಟ ಪರೀಕ್ಷೆಯ ವರದಿ, ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ ತಿಳಿಸುವ ದಾಖಲೆ."

ಇದರಲ್ಲಿ ಏಕೆ ಎಂಬ ಪ್ರಶ್ನೆ ಒಂದೂ ಇಲ್ಲ ಎಂಬುದನ್ನು ಗಮನಿಸಿ. ಅಭಿಪ್ರಾಯ ಕೇಳಿದರೆ ಅರ್ಜಿ ತಿರಸ್ಕರಿಸಲು ದಾರಿಯಾಗುತ್ತದೆ, ದಾಖಲೆ ಕೇಳಿದರೆ ಕೊಡಬೇಕಾಗುತ್ತದೆ. ದೋಷ ಹೊಣೆಗಾರಿಕೆ ಅವಧಿ ಎಂದರೆ ಕೆಲಸ ಕೆಟ್ಟರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕಾದ ಕಾಲ. ಅಳತೆ ಪುಸ್ತಕ ಎಂಬ ಪದವನ್ನು ಮಾತ್ರ ಬಿಡಬೇಡಿ. ಎಂಜಿನಿಯರ್ ಸ್ಥಳದಲ್ಲಿ ಅಳೆದು ಬರೆದಿದ್ದಾರೆ ಎನ್ನಲಾದ ಅಂಕಿಗಳು ಅದರಲ್ಲಿರುತ್ತವೆ, ಬಿಲ್ಲು ಪಾವತಿಯಾಗುವುದು ಅದರ ಆಧಾರದ ಮೇಲೆ. ನಿಮ್ಮ ನೋಟ್‌ಬುಕ್ಕಿನ ಅಂಕಿಗೂ ಅದಕ್ಕೂ ವ್ಯತ್ಯಾಸ ಕಂಡರೆ, ಮುಂದಿನ ಸಭೆಯಲ್ಲಿ ನೀವು ದನಿ ಎತ್ತರಿಸುವ ಅಗತ್ಯವೇ ಇರುವುದಿಲ್ಲ.

ಅರ್ಜಿಯನ್ನು ತಪ್ಪು ಕಚೇರಿಗೆ ಕೊಟ್ಟೆನೇನೋ ಎಂಬ ಅಂಜಿಕೆ ಬೇಡ. ಮಾಹಿತಿ ಬೇರೆ ಪ್ರಾಧಿಕಾರದಲ್ಲಿದ್ದರೆ ಐದು ದಿನಗಳೊಳಗೆ ಅಲ್ಲಿಗೆ ವರ್ಗಾಯಿಸುವುದು ಅವರ ಕರ್ತವ್ಯ, ಅದು 6(3)ನೇ ಕಲಂ. ಮೂವತ್ತು ದಿನಕ್ಕೆ ಉತ್ತರ ಬಾರದಿದ್ದರೆ ಮುಂದಿನ ಮೂವತ್ತು ದಿನಗಳೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ತೊಂಬತ್ತು ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಇದೇ ಕಾನೂನಿನ 2(ಜೆ) ಕಲಂ ಪ್ರಕಾರ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ರಸ್ತೆ ಇನ್ನೂ ಅಗೆದಿರುವಾಗಲೇ ಇದನ್ನು ಬಳಸಿದರೆ ಹೆಚ್ಚು ಉಪಯೋಗ.

ಐದನೆಯದು: ವಾರ್ಡ್ ಸಮಿತಿಯಲ್ಲಿ ಒಂದೇ ಪ್ರಶ್ನೆ

ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ ಹೇಳಿದೆ. ಬಿಬಿಎಂಪಿ ಕಾಲದಲ್ಲಿ ತಿಂಗಳ ಮೊದಲ ಶನಿವಾರ ಸಭೆ ಎಂಬ ರೂಢಿ ಬಿದ್ದಿತ್ತು. ಚುನಾಯಿತ ಸದಸ್ಯರಿಲ್ಲದ ವರ್ಷಗಳಲ್ಲಿ ನೋಡಲ್ ಅಧಿಕಾರಿಗಳು ಸಭೆ ನಡೆಸಬೇಕಿತ್ತು. ಕೆಲವು ವಾರ್ಡುಗಳಲ್ಲಿ ನಡೆದವು, ಹಲವು ಕಡೆ ಸಭೆ ಇದೆಯೆಂದೇ ಜನರಿಗೆ ತಿಳಿಯಲಿಲ್ಲ. ಆದ್ದರಿಂದ ನಿಮ್ಮ ವಾರ್ಡಿನ ಮುಂದಿನ ಸಭೆ ಎಂದು, ಎಲ್ಲಿ ಎಂಬುದನ್ನು ವಾರ್ಡ್ ಕಚೇರಿಯಲ್ಲಿ ಬರಹದಲ್ಲಿ ಕೇಳಿ. ಸಭೆಯೇ ನಡೆಯುತ್ತಿಲ್ಲವಾದರೆ ಹಿಂದಿನ ಆರು ತಿಂಗಳ ನಡಾವಳಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ನಡಾವಳಿ ಇಲ್ಲವೆಂಬ ಉತ್ತರವೂ ಆಯುಕ್ತರ ಬಳಿ ಒಯ್ಯಬಹುದಾದ ದಾಖಲೆಯೇ.

ಸಭೆಯಲ್ಲಿ ಹತ್ತು ದೂರು ಹೇಳಬೇಡಿ. ಕಸ, ನಾಯಿ, ನೀರು, ರಸ್ತೆ ಎಲ್ಲವನ್ನೂ ಒಟ್ಟಿಗೆ ಸುರಿದರೆ ಯಾವುದೂ ನಡಾವಳಿಗೆ ಹೋಗುವುದಿಲ್ಲ. ನಮ್ಮ ಗುಂಪು ಇಡೀ ವರ್ಷ ಒಂದೇ ರಸ್ತೆಯ ಬಗ್ಗೆ ಕೇಳಿತು. ಒಂದು ಪುಟದ ಮನವಿ, ಅದರಲ್ಲಿ ಅಳತೆಯ ಕೋಷ್ಟಕ, ಎರಡು ಫೋಟೊ, ಕೊನೆಯಲ್ಲಿ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಒಂದು ಪ್ರಶ್ನೆ: "ಈ ನಾನೂರು ಮೀಟರಿನಲ್ಲಿ 1.8 ಮೀಟರ್ ಅಗಲದ ಪಾದಚಾರಿ ಮಾರ್ಗವನ್ನು ಈ ಸಾಲಿನ ಕ್ರಿಯಾಯೋಜನೆಗೆ ಸೇರಿಸುತ್ತೀರಾ?" ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದಕ್ಕೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ಸಭೆ ಮುಗಿದ ಮೇಲೆ ನಡಾವಳಿಯಲ್ಲಿ ನಿಮ್ಮ ಪ್ರಶ್ನೆಯೂ ಅವರ ಉತ್ತರವೂ ಹೇಗೆ ದಾಖಲಾಗಿವೆ ಎಂದು ಓದಿ. "ಚರ್ಚಿಸಲಾಯಿತು" ಎಂದಷ್ಟೇ ಇದ್ದರೆ ಒಪ್ಪಬೇಡಿ. ಯಾರು, ಯಾವ ದಿನಾಂಕದೊಳಗೆ ಎಂಬುದು ಇರಲೇಬೇಕು.

ಎಂಜಿನಿಯರನ್ನು ಶತ್ರುವೆಂದು ಕಾಣಬೇಡಿ. ಅವರ ಮೇಲೂ ಒತ್ತಡವಿದೆ, ಒಬ್ಬೊಬ್ಬರ ಕೈಯಲ್ಲಿ ಹಲವು ಕಾಮಗಾರಿಗಳಿರುತ್ತವೆ. ನಮ್ಮ ರಸ್ತೆಯ ಟ್ರಾನ್ಸ್‌ಫಾರ್ಮರ್ ಸರಿಸಲು ಯಾವ ಕಚೇರಿಗೆ ಯಾವ ಪತ್ರ ಬೇಕು ಎಂದು ಹೇಳಿಕೊಟ್ಟವರು ಸಭೆಯಲ್ಲಿ ನಮ್ಮಿಂದ ಅತಿ ಹೆಚ್ಚು ಪ್ರಶ್ನೆ ಎದುರಿಸಿದ ಎಂಜಿನಿಯರೇ.

ಮರ ಮತ್ತು ಮೇಲುಸೇತುವೆ: ಇಲ್ಲಿ ತಿಂಗಳುಗಟ್ಟಲೆ ಸಮಯವಿಲ್ಲ

ಪಾದಚಾರಿ ಮಾರ್ಗಕ್ಕೆ ಒಂದು ವರ್ಷ ಕಾಯಬಹುದು, ಕಡಿದ ಮರಕ್ಕೆ ಆಗುವುದಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಯೋಜನೆಯೊಂದಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ವೃಕ್ಷ ಅಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. ಅದಕ್ಕೆ ಸಿಗುವುದು ಸುಮಾರು ಹತ್ತು ದಿನ. ಅಷ್ಟರಲ್ಲಿ ಮರಗಳ ಪಟ್ಟಿ ಪಡೆದು, ಒಂದೊಂದನ್ನೂ ಹೋಗಿ ನೋಡಿ, ಮಾರ್ಗ ಸ್ವಲ್ಪ ಸರಿಸಿದರೆ ಯಾವುದು ಉಳಿಯುತ್ತದೆ ಎಂದು ಸಂಖ್ಯೆ ಸಮೇತ ಬರೆಯಬೇಕು. ಎಲ್ಲ ಮರಗಳನ್ನೂ ಉಳಿಸಿ ಎಂಬ ಒಂದು ಸಾಲಿನ ಆಕ್ಷೇಪಣೆಗಿಂತ "ಪಟ್ಟಿಯ 14, 15 ಮತ್ತು 22ನೇ ಮರಗಳು ಚರಂಡಿಯ ಅಂಚಿನಿಂದ ಹೊರಗಿವೆ" ಎಂಬ ಸಾಲಿಗೆ ಉತ್ತರಿಸುವುದು ಕಷ್ಟ.

ದೊಡ್ಡ ಯೋಜನೆಗಳು ಸಾಮಾನ್ಯವಾಗಿ ವಾರ್ಡಿನ ಕಣ್ಣಿಗೆ ಬೀಳದೆ ಮೇಲಿನಿಂದ ಬರುತ್ತವೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲುಸೇತುವೆ ಕಟ್ಟಲು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೊರಟಿತ್ತು. ಅಂದಾಜು 1,791 ಕೋಟಿ ರೂಪಾಯಿ, ಕಡಿಯಬೇಕಿದ್ದ ಮರಗಳು 800ಕ್ಕೂ ಹೆಚ್ಚು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಅದೇ ತಿಂಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಿಂದ ತಡೆಯಾಜ್ಞೆ ಬಂತು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಮಾನವ ಸರಪಳಿ ಎಲ್ಲರಿಗೂ ನೆನಪಿದೆ. ಅದರ ಜೊತೆಗೆ ನ್ಯಾಯಮಂಡಳಿಯ ಮುಂದೆ ಕಾಗದ ಹಿಡಿದು ನಿಂತವರೂ ಇದ್ದರು ಎಂಬುದನ್ನು ನೆನಪಿಡಿ. ದೊಡ್ಡ ಯೋಜನೆಯ ಸುದ್ದಿ ಬಂದೊಡನೆ ಮೊದಲು ಕೇಳಬೇಕಾದದ್ದು ವಿಸ್ತೃತ ಯೋಜನಾ ವರದಿ. ಅದೇ ಹಣದಲ್ಲಿ ಬಸ್ಸು ಅಥವಾ ರೈಲಿನಿಂದ ಎಷ್ಟು ಜನರನ್ನು ಸಾಗಿಸಬಹುದಿತ್ತು ಎಂಬ ಹೋಲಿಕೆ ಆ ವರದಿಯಲ್ಲಿದೆಯೇ ಎಂದು ನೋಡಿ.

ಬಸ್ಸಿನ ಲೆಕ್ಕ

ಬಿಎಂಟಿಸಿಗೆ ಕೇಳುವ ಪ್ರಶ್ನೆ ಬೇರೆ ರೀತಿಯದು. 2021ರ ಡಿಸೆಂಬರ್‌ನಿಂದ ನಗರದಲ್ಲಿ ವಿದ್ಯುತ್ ಬಸ್ಸುಗಳು ಓಡುತ್ತಿವೆ. ಇವುಗಳಲ್ಲಿ ಹೆಚ್ಚಿನವು ಗುತ್ತಿಗೆಯವು: ಬಸ್ಸು, ಚಾಲಕ ಮತ್ತು ನಿರ್ವಹಣೆ ಕಂಪನಿಯದು, ನಿರ್ವಾಹಕರು ಬಿಎಂಟಿಸಿಯವರು, ಓಡಿದ ಕಿಲೋಮೀಟರಿಗೆ ಇಷ್ಟು ಎಂದು ನಿಗಮ ಹಣ ಕೊಡುತ್ತದೆ. ಎಷ್ಟು ವಿದ್ಯುತ್ ಬಸ್ಸು ಬಂತು ಎಂದಷ್ಟೇ ಕೇಳಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ನಿಮ್ಮ ಡಿಪೋದಿಂದ ದಿನಕ್ಕೆ ನಿಗದಿಯಾದ ಕಿಲೋಮೀಟರ್ ಎಷ್ಟು, ಓಡಿದ್ದು ಎಷ್ಟು, ರದ್ದಾದ ಸುತ್ತುಗಳು ಎಷ್ಟು, ಅದಕ್ಕೆ ವಿಧಿಸಿದ ದಂಡ ಎಷ್ಟು, ಈ ನಾಲ್ಕನ್ನು ಕೇಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮನೆಗೆಲಸಕ್ಕೆ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಬಸ್ಸು ಇನ್ನಷ್ಟು ಹತ್ತಿರವಾಗಿದೆ. ಒಂದು ಸುತ್ತು ರದ್ದಾದರೆ ಅವರ ಅರ್ಧ ದಿನದ ಕೂಲಿ ಹೋಗುತ್ತದೆ. ನಿಮ್ಮ ನಿಲ್ದಾಣದ ಮೂರು ದಿನದ ಎಣಿಕೆ ಇಲ್ಲಿ ಕೈಗೆ ಬರುತ್ತದೆ.

ಬೇರೆ ಊರುಗಳಲ್ಲಿ

ಮೈಸೂರು, ಮಂಗಳೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡದವರಿಗೆ ಆಧಾರ 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮ ಮತ್ತು 2016ರ ವಾರ್ಡ್ ಸಮಿತಿ ನಿಯಮಗಳು. ಅಲ್ಲಿ ನಾಲ್ಕು ಸ್ಥಾಯಿ ಸಮಿತಿಗಳಿವೆ. ರಸ್ತೆಯ ವಿಷಯವನ್ನು ನಗರ ಯೋಜನೆಯ ಸಮಿತಿಗೂ ಹಣದ ವಿಷಯವನ್ನು ಲೆಕ್ಕಪತ್ರ ಸಮಿತಿಗೂ ಬರೆಯಿರಿ. ಹುಬ್ಬಳ್ಳಿ-ಧಾರವಾಡದಲ್ಲಿ ಬಸ್ಸಿಗೆಂದೇ ಮೀಸಲಾದ ಬಿಆರ್‌ಟಿಎಸ್ ಮಾರ್ಗ ಪ್ರತ್ಯೇಕ ಕಂಪನಿಯದು, ಅದರ ಮೇಲೆ ಓಡುವ ಬಸ್ಸು ವಾಯವ್ಯ ಸಾರಿಗೆ ಸಂಸ್ಥೆಯದು. ಮೊದಲು ಹೇಳಿದ ಹಾಳೆ ಅಲ್ಲಿಯೂ ಬೇಕು. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ದೇಶದಲ್ಲಿ ಈ ಹಣದ ದೊಡ್ಡ ಪಾಲು ರಸ್ತೆಯ ಧೂಳಿನ ಕೆಲಸಕ್ಕೆ ಹೋಗಿದೆ. ನಿಮ್ಮ ಊರಿನಲ್ಲಿ ಬಸ್ಸಿಗೆ, ನಡಿಗೆಗೆ, ಮರಕ್ಕೆ ಎಷ್ಟು ಹೋಯಿತು ಎಂದು ಆಯುಕ್ತರನ್ನು ಕೇಳಲು ನಿಮಗೆ ಪೂರ್ಣ ಅಧಿಕಾರವಿದೆ.

ಕೆಲಸ ಆದ ಮೇಲೆ

ನಮ್ಮ ರಸ್ತೆಯ ನಾನೂರು ಮೀಟರಿನಲ್ಲಿ ಕಲ್ಲುಹಾಸು ಬಂದಾಗ ಗುಂಪಿನ ಅರ್ಧ ಮಂದಿ ಕೆಲಸ ಮುಗಿಯಿತೆಂದು ಮನೆಗೆ ಹೋದರು. ಮೊದಲ ಮಳೆಗೆ ಮೂರು ಕಡೆ ಕಲ್ಲು ಕುಸಿದವು. ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ ನಮ್ಮ ಹಾಳೆಯಲ್ಲಿ ಇದ್ದುದರಿಂದ, ದುರಸ್ತಿ ಗುತ್ತಿಗೆದಾರರ ಖರ್ಚಿನಲ್ಲೇ ಆಯಿತು. ಆ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಅದಕ್ಕೆ ಎರಡು ತಿಂಗಳು ಮೊದಲು ಇನ್ನೊಂದು ಗುರುತು ಹಾಕಿ, ಆ ಭಾನುವಾರ ಅದೇ ಟೇಪು ಹಿಡಿದು ಅದೇ ಐವತ್ತು ಹೆಜ್ಜೆಗಳ ಲೆಕ್ಕದಲ್ಲಿ ಮತ್ತೊಮ್ಮೆ ಅಳೆಯಿರಿ. ತಂಗುದಾಣಕ್ಕೆ ನಮ್ಮ ಮನವಿ ಇನ್ನೂ ನಡೆಯುತ್ತಿದೆ. ಒಡೆತನ ಯಾರದೆಂದು ಬರಹದಲ್ಲಿ ಉತ್ತರ ಬಂದಿದೆ. ಮುಂದಿನ ಸಭೆಗೆ ಅಜ್ಜಿಯೇ ಆ ಕಾಗದ ಹಿಡಿದು ಬರುತ್ತಾರೆ.